ಬಿಟ್ಟಿಯೇ ಬೇರೆ, ಬಿಡುಗಡೆಯೇ ಬೇರೆ

ಕಾಲೇಜಿನ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಗಣಕಯಂತ್ರದ ವಿದ್ಯೆಯಲ್ಲಿ ಅವನಿಗೆ ಒಳ್ಳೆಯ ಹಿಡಿತವಿದೆ. ನೆರೆಯ ಬೀದಿಯ ಧಾನ್ಯದ ವರ್ತಕರೊಬ್ಬರು ತಮ್ಮ ಅಂಗಡಿಯ ದಾಸ್ತಾನು, ಸಾಲ, ಜಮೆಗಳ ಲೆಕ್ಕವಿಡತಕ್ಕ ತಂತ್ರಾಂಶವೊಂದನ್ನು ಮಾಡಿಕೊಡುವೆಯಾ ಎಂದು ಅವನನ್ನು ಕೇಳುತ್ತಾರೆ. ಹುಡುಗನು ಒಪ್ಪಿ ಒಂದು ತಿಂಗಳ ಕಾಲ ನಿದ್ದೆಗೆಟ್ಟು ದುಡಿಯುತ್ತಾನೆ. ಎಲ್ಲವನ್ನೂ ಮೊದಲಿನಿಂದ ತಾನೇ ಬರೆಯಬೇಕಾದ ಕಷ್ಟ ಅವನಿಗಿಲ್ಲ. ಪಟ್ಟಿಗಳನ್ನು ಮುದ್ರಿಸುವ ಭಾಗವೊಂದು, ನಕ್ಷೆಗಳನ್ನು ಬಿಡಿಸುವ ಭಾಗವೊಂದು, ಅಂಕಿಗಳನ್ನು ಜೋಪಾನ ಮಾಡುವ ಭಾಗವೊಂದು, ಹೀಗೆ ಲೋಕದ ನಾನಾ ಕಡೆಯ ಅಪರಿಚಿತರು ಬರೆದು ಅಂತರಜಾಲದಲ್ಲಿ ಇರಿಸಿದ ಭಾಗಗಳನ್ನು ತಂದು ತನ್ನ ಬರಹದೊಡನೆ ಹೊಲಿಯುತ್ತಾನೆ. ಕೆಲಸ ಮುಗಿಯುತ್ತದೆ. ವರ್ತಕರು ಸಂತೋಷದಿಂದ ಹಣವನ್ನೂ ಎಣಿಸುತ್ತಾರೆ. ಆಮೇಲೆ ಒಂದು ಕಾಗದವನ್ನು ಅವನ ಮುಂದಿಡುತ್ತಾರೆ. ‘ಈ ತಂತ್ರಾಂಶವೆಲ್ಲವೂ ನನ್ನ ಸ್ವಂತ ಕೃತಿ; ಇದರ ಸರ್ವಹಕ್ಕುಗಳನ್ನೂ ನಿಮಗೆ ವಹಿಸಿಕೊಟ್ಟಿದ್ದೇನೆ’ ಎಂದು ಅದರಲ್ಲಿ ಬರೆದಿದೆ. ನಾಳೆ ಇದನ್ನು ಮಂಡಿಯ ಇತರ ವರ್ತಕರಿಗೂ ಮಾರಬೇಕೆಂಬುದು ಅವರ ಎಣಿಕೆ.

ಹುಡುಗನ ಲೇಖನಿ ತಡೆಯುತ್ತದೆ. ಬಿಟ್ಟಿಯಾಗಿ ದೊರೆತ ಭಾಗಗಳನ್ನು ಸೇರಿಸಿ ಮಾಡಿದ ಕೆಲಸಕ್ಕೆ ಹಣ ಪಡೆದದ್ದು ಸರಿಯೆ? ಅವುಗಳನ್ನು ತನ್ನ ಕೃತಿಯೆಂದು ಬರೆದುಕೊಡಬಹುದೆ? ವರ್ತಕರು ಅವನ್ನು ಮಾರಬಹುದೆ? ಕಾಗದಕ್ಕೆ ರುಜು ಹಾಕಿದ ಮೇಲೆ ಎಲ್ಲಿಂದಲೋ ಯಾರಾದರೂ ಬಂದು ‘ಇದು ನನ್ನದು’ ಎಂದರೆ ಉತ್ತರ ಹೇಳಬೇಕಾದವರು ಯಾರು?

ಇವು ಈ ಹುಡುಗನೊಬ್ಬನ ಪ್ರಶ್ನೆಗಳಲ್ಲ. ವಿದ್ಯೆಯನ್ನು ಮುಗಿಸಿ ಗಣಕಯಂತ್ರದ ಉದ್ಯೋಗಕ್ಕೆ ಕಾಲಿಡುವ ಪ್ರತಿಯೊಬ್ಬರಿಗೂ ಇವು ಎದುರಾಗುತ್ತವೆ. ಆದುದರಿಂದ ಇವುಗಳ ಬುಡವನ್ನು ಸ್ವಲ್ಪ ಶೋಧಿಸಿ ನೋಡೋಣ.

ಬರಹದ ಒಡೆತನ

ತಂತ್ರಾಂಶಕ್ಕೆ ಎರಡು ರೂಪಗಳುಂಟು. ಮನುಷ್ಯನು ಓದಿ ತಿಳಿಯಬಹುದಾದ ಮೂಲಬರಹ ಒಂದು; ಯಂತ್ರವು ನಡೆಸಬಲ್ಲ ಸೊನ್ನೆ ಒಂದುಗಳ ಸಾಲು ಮತ್ತೊಂದು. ಮೊದಲನೆಯದರಿಂದ ಎರಡನೆಯದನ್ನು ಪಡೆಯುವುದು ಸುಲಭ. ಅದಕ್ಕೆಂದೇ ಸಂಕಲಕಗಳೆಂಬ ತಂತ್ರಾಂಶಗಳಿವೆ. ಆದರೆ ಎರಡನೆಯದರಿಂದ ಮೊದಲನೆಯದನ್ನು ಮರಳಿ ಪಡೆಯುವುದು ಬಹಳ ಕಠಿನ. ಹೋಳಿಗೆಯನ್ನು ತಿಂದು ನೋಡಿ ಬೇಳೆ ಎಷ್ಟು ಹೊತ್ತು ಬೆಂದಿತೆಂದು ಹೇಳಲು ಯತ್ನಿಸಿದಂತೆ. ಕೈಯಲ್ಲಿ ಯಂತ್ರರೂಪ ಮಾತ್ರವಿದ್ದವನು ತಂತ್ರಾಂಶವನ್ನು ಬಳಸಬಲ್ಲನಲ್ಲದೆ ತಿದ್ದಲಾರನು.

ಈ ಬರಹಕ್ಕೆ ಒಡೆಯನಾರು? ಕಾದಂಬರಿಗೂ ಕವಿತೆಗೂ ಇರುವ ಕೃತಿಸ್ವಾಮ್ಯವು ತಂತ್ರಾಂಶಕ್ಕೂ ಉಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1980ರಲ್ಲಿ ತಮ್ಮ ಕಾನೂನನ್ನು ತಿದ್ದಿ ಇದನ್ನು ಸ್ಪಷ್ಟಪಡಿಸಿದವು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನಕ್ಕೆ 1984ರಲ್ಲಿ ತಂದ ತಿದ್ದುಪಡಿಯು ಗಣಕಯಂತ್ರದ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಈ ಹಕ್ಕನ್ನು ಪಡೆಯಲು ಎಲ್ಲಿಯೂ ಅರ್ಜಿ ಹಾಕಬೇಕಾದುದಿಲ್ಲ. ಬರೆದ ಕ್ಷಣವೇ ಅದು ಹುಟ್ಟುತ್ತದೆ. ಬರೆದವನ ಜೀವಮಾನವೂ ಅವನ ಅನಂತರ 60 ವರ್ಷಗಳೂ ಉಳಿಯುತ್ತದೆ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಅಂತರಜಾಲದಲ್ಲಿ ಕಾಣುವ ಬರಹದ ಮೇಲೆ ಯಾವ ಷರತ್ತೂ ಬರೆದಿಲ್ಲವೆಂದರೆ ಅದನ್ನು ಯಾರು ಬೇಕಾದರೂ ಬಳಸಬಹುದೆಂದು ಅನೇಕರು ಭಾವಿಸುತ್ತಾರೆ. ನಿಜವು ಇದಕ್ಕೆ ತದ್ವಿರುದ್ಧ. ಬೇಲಿಯಿಲ್ಲದ ಹೊಲಕ್ಕೂ ಒಡೆಯನಿರುತ್ತಾನೆ. ಅನುಮತಿಯನ್ನು ಬರೆದು ತಿಳಿಸಿಲ್ಲವಾದರೆ ಅನುಮತಿ ಇಲ್ಲವೆಂದೇ ಕಾನೂನಿನ ಅರ್ಥ. ಹೀಗೆ ಒಡೆಯನು ಬರೆದು ತಿಳಿಸುವ ಅನುಮತಿಗೇ ಪರವಾನಗಿ ಎಂದು ಹೆಸರು. ನಮ್ಮ ಹುಡುಗನು ತಂದ ಪ್ರತಿಯೊಂದು ಭಾಗದ ಜೊತೆಯಲ್ಲಿಯೂ ಅಂಥ ಕಾಗದವೊಂದು ಬಂದಿರುತ್ತದೆ. ಅದನ್ನು ತೆರೆದು ಓದುವವರು ಮಾತ್ರ ವಿರಳ.

ಒಂದು ಮುದ್ರಣಯಂತ್ರದ ಕಥೆ

1980ರ ಸುಮಾರಿನಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಶಾಲೆಗೆ ಒಂದು ಹೊಸ ಲೇಸರ್ ಮುದ್ರಣಯಂತ್ರವು ಬಂದಿತು. ಅಲ್ಲಿ ಕೆಲಸಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣನು ಹಿಂದಿನ ಯಂತ್ರದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಏರ್ಪಡಿಸಿದ್ದನು. ಹೊಸ ಯಂತ್ರದಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅದರ ಮೂಲಬರಹ ಪ್ರಯೋಗಶಾಲೆಗೆ ಬಂದಿರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದ ಸಂಶೋಧಕನಲ್ಲಿ ಅದು ಇದೆಯೆಂದು ತಿಳಿದು ಸ್ಟಾಲ್‌ಮನ್ ಅಲ್ಲಿಗೆ ಹೋಗಿ ಕೇಳಿದನು. ಯಾರಿಗೂ ಕೊಡುವುದಿಲ್ಲವೆಂದು ತಯಾರಕರಿಗೆ ಮಾತು ಕೊಟ್ಟಿದ್ದೇನೆಂದು ಆ ಸಂಶೋಧಕನು ನಿರಾಕರಿಸಿದನು. ದೋಷವು ಎಲ್ಲರಿಗೂ ಗೊತ್ತು, ತಿದ್ದಬಲ್ಲವನು ಎದುರಿಗೇ ಇದ್ದಾನೆ, ಆದರೂ ತಿದ್ದುವಂತಿಲ್ಲ!

ಈ ಅನುಭವವು ಅವನ ಮನಸ್ಸಿನಲ್ಲಿ ನಾಟಿತು. 1983ರ ಸೆಪ್ಟೆಂಬರ್ 27ರಂದು, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಸಂಪೂರ್ಣ ತಂತ್ರಾಂಶ ವ್ಯವಸ್ಥೆಯೊಂದನ್ನು ಬರೆಯುವೆನೆಂದು ಅವನು ಸಾರಿದನು. ಅದಕ್ಕೆ ‘ಗ್ನೂ’ ಎಂದು ಹೆಸರಿಟ್ಟನು. 1985ರಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನವು ಸ್ಥಾಪಿತವಾಯಿತು. ಮುಕ್ತ ತಂತ್ರಾಂಶವೆನಿಸಿಕೊಳ್ಳಲು ಅದನ್ನು ಪಡೆದವನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂಬುದು ಈ ಪಂಥದ ಲಕ್ಷಣವಾಕ್ಯ. ಯಾವ ಉದ್ದೇಶಕ್ಕಾದರೂ ಅದನ್ನು ನಡೆಸುವುದು, ಅದನ್ನು ಅಭ್ಯಸಿಸಿ ತನಗೆ ಬೇಕಾದಂತೆ ಬದಲಾಯಿಸುವುದು, ಪ್ರತಿಗಳನ್ನು ಹಂಚುವುದು, ತಾನು ಸುಧಾರಿಸಿದ ರೂಪವನ್ನೂ ಹಂಚುವುದು.

ಈ ನಾಲ್ಕರಲ್ಲಿ ಎಲ್ಲಿಯೂ ಬೆಲೆಯ ಮಾತಿಲ್ಲವೆಂಬುದನ್ನು ಗಮನಿಸಬೇಕು. ಸ್ಟಾಲ್‌ಮನ್ ತಾನೇ 1985ರಲ್ಲಿ ಈಮ್ಯಾಕ್ಸ್ ಎಂಬ ತನ್ನ ತಂತ್ರಾಂಶದ ಸುರುಳಿಯನ್ನು 150 ಡಾಲರಿಗೆ ಮಾರಿ ಜೀವನ ಸಾಗಿಸುತ್ತಿದ್ದನು. ಕೊಂಡವನಿಗೆ ಮೂಲಬರಹವೂ ಸಿಗುತ್ತಿತ್ತು. ಬೇಕಾದರೆ ಅವನು ಇತರರಿಗೆ ಹಂಚಲೂ ಬಹುದಾಗಿತ್ತು. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಶಬ್ದ ಬಿಟ್ಟಿಗೂ ಬಿಡುಗಡೆಗೂ ಸಲ್ಲುವುದರಿಂದ ಅಲ್ಲಿಯ ಜನ ಇಂದಿಗೂ ಗೊಂದಲಪಡುತ್ತಾರೆ. ಕನ್ನಡಿಗರಿಗೆ ಈ ತೊಡಕು ಇರಬಾರದು. ನಮ್ಮಲ್ಲಿ ‘ಪುಕ್ಕಟೆ’ಯೇ ಬೇರೆ, ‘ಮುಕ್ತ’ವೇ ಬೇರೆ. ಆದರೂ ನಾವು ಎರಡನ್ನೂ ‘ಉಚಿತ’ ಎಂದು ಕರೆದು ಇಲ್ಲದ ಗೊಂದಲವನ್ನು ತಂದುಕೊಳ್ಳುತ್ತೇವೆ. ‘ಉಚಿತ’ವೆಂದರೆ ಯೋಗ್ಯವಾದುದು ಎಂದು ಮೂಲಾರ್ಥ, ಬೆಲೆಯಿಲ್ಲದುದು ಎಂಬ ಅರ್ಥ ಈಚಿನದು.

ಹಣದ ಪ್ರಶ್ನೆಯನ್ನು ಮುಕ್ತ ತಂತ್ರಾಂಶದ ಮತ್ತೊಬ್ಬ ಪ್ರಸಿದ್ಧ ಪುರುಷನೂ ಎದುರಿಸಬೇಕಾಯಿತು. ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸನು 1991ರಲ್ಲಿ ಲಿನಕ್ಸಿನ ತಿರುಳನ್ನು ಪ್ರಕಟಿಸಿದಾಗ, ಅದನ್ನು ಹಂಚುವವರು ಹಣ ಪಡೆಯಕೂಡದೆಂದು ಷರತ್ತು ಹಾಕಿದ್ದನು. ಈ ನಿಬಂಧನೆಯ ದೆಸೆಯಿಂದ, ಫ್ಲಾಪಿಗಳಿಗೆ ತಗಲಿದ ಖರ್ಚನ್ನು ಪಡೆದು ಪ್ರತಿಮಾಡಿ ಕೊಡುವುದೂ ಕಷ್ಟವಾಯಿತು. 1992ರಲ್ಲಿ ಅವನು ಆ ಷರತ್ತನ್ನು ಕೈಬಿಟ್ಟು ಗ್ನೂ ಪರವಾನಗಿಯನ್ನು ಸ್ವೀಕರಿಸಿದನು. ಇಂದು ಆಂಡ್ರಾಯ್ಡ್ ದೂರವಾಣಿಗಳಿಂದ ಹಿಡಿದು ಮಹಾಗಣಕಗಳವರೆಗೆ ಹರಡಿರುವ ಲಿನಕ್ಸ್, ಅಂದಿನ ನಿಬಂಧನೆಯೇ ಉಳಿದಿದ್ದರೆ ಹೀಗೆ ಹರಡುವುದು ಸಾಧ್ಯವಿರಲಿಲ್ಲ. ಹಣದ ವ್ಯವಹಾರವು ಮುಕ್ತ ತಂತ್ರಾಂಶಕ್ಕೆ ಶತ್ರುವಲ್ಲವೆಂಬುದಕ್ಕೆ ಇದು ಸಾಕ್ಷಿ.

ಎರಡು ಮನೆತನಗಳು

ಹಾಗಾದರೆ ಮುಕ್ತ ತಂತ್ರಾಂಶದ ಪರವಾನಗಿಗಳು ಏನನ್ನು ಕೇಳುತ್ತವೆ? ಅವು ಹತ್ತಾರು ಇದ್ದರೂ ಸ್ಥೂಲವಾಗಿ ಎರಡು ಮನೆತನಗಳಿಗೆ ಸೇರುತ್ತವೆ.

ಒಂದನೆಯದು ಉದಾರ ಮನೆತನ. ಮಸಾಚುಸೆಟ್ಸ್ ಸಂಸ್ಥೆಯ ಹೆಸರಿನ ಎಂ.ಐ.ಟಿ. ಪರವಾನಗಿ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿ.ಎಸ್.ಡಿ. ಪರವಾನಗಿ, 2004ರ ಅಪಾಚೆ ಪರವಾನಗಿಯ ಎರಡನೆಯ ಆವೃತ್ತಿ ಇವು ಇದರ ಮುಖ್ಯ ಸದಸ್ಯರು. ಇವು ಕೇಳುವುದು ಅತ್ಯಲ್ಪ: ನನ್ನ ಬರಹವನ್ನು ಏನು ಬೇಕಾದರೂ ಮಾಡು, ಮಾರು, ಮುಚ್ಚಿಡು, ಆದರೆ ನನ್ನ ಹೆಸರನ್ನೂ ಈ ಪರವಾನಗಿಯ ಕಾಗದವನ್ನೂ ಅಳಿಸಬೇಡ. ಅಪಾಚೆಯು ಬದಲಾಯಿಸಿದ ಕಡತಗಳಲ್ಲಿ ಬದಲಾವಣೆಯನ್ನು ಸೂಚಿಸಬೇಕೆಂದೂ ಹೇಳುತ್ತದೆ. ಷರತ್ತು ಅಲ್ಪವೆಂದು ಅದನ್ನು ಮರೆಯುವವರೇ ಹೆಚ್ಚು.

ಎರಡನೆಯದು ಋಣದ ಮನೆತನ. ಗ್ನೂ ಸಾಮಾನ್ಯ ಸಾರ್ವಜನಿಕ ಪರವಾನಗಿಯು ಇದರ ಹಿರಿಯ. ಅದರ ಮೊದಲ ಆವೃತ್ತಿ 1989ರಲ್ಲಿ, ಎರಡನೆಯದು 1991ರಲ್ಲಿ, ಮೂರನೆಯದು 2007ರಲ್ಲಿ ಹೊರಬಂದವು. ಇದರ ಸಾರ ಹೀಗಿದೆ: ನನ್ನ ಬರಹವನ್ನು ಸೇರಿಸಿ ನೀನು ಕೃತಿಯೊಂದನ್ನು ರಚಿಸಿ ಇನ್ನೊಬ್ಬನಿಗೆ ಕೊಟ್ಟರೆ, ಇಡೀ ಕೃತಿಯ ಮೂಲಬರಹವನ್ನೂ ನಾನು ನಿನಗಿತ್ತ ಸ್ವಾತಂತ್ರ್ಯಗಳನ್ನೂ ಅವನಿಗೆ ಕೊಡು. ಬೆಲೆಯನ್ನು ನೀನು ಬೇಕಾದಷ್ಟು ಪಡೆ. ಆದರೆ ನಿನಗೆ ತೆರೆದಿದ್ದ ಬಾಗಿಲನ್ನು ಮುಂದಿನವನಿಗೆ ಮುಚ್ಚಬೇಡ.

ಈ ಮನೆತನದಲ್ಲಿ ಇನ್ನಿಬ್ಬರುಂಟು. ಲಘು ಸಾರ್ವಜನಿಕ ಪರವಾನಗಿಯು ಕೊಂಚ ಸೌಮ್ಯ, ಅದರಡಿಯ ಭಾಗವನ್ನು ಕೊಂಡಿಯ ಮೂಲಕ ಜೋಡಿಸಿದಾಗ, ಆ ಭಾಗವನ್ನು ಮಾತ್ರ ತೆರೆದಿಟ್ಟು ಪಡೆದವನು ಅದನ್ನು ಬದಲಿಸಿಕೊಳ್ಳಲು ಅವಕಾಶವಿತ್ತರೆ ಸಾಕು, ಉಳಿದುದನ್ನು ಮುಚ್ಚಿಡಬಹುದು. 2007ರ ಅಫೆರೊ ಪರವಾನಗಿಯು ಹೆಚ್ಚು ಬಿಗಿ. ತಂತ್ರಾಂಶವನ್ನು ಯಾರ ಕೈಗೂ ಕೊಡದೆ ತನ್ನ ಯಂತ್ರದಲ್ಲಿಯೇ ನಡೆಸಿ ಅಂತರಜಾಲದ ಮೂಲಕ ಸೇವೆಯನ್ನು ಮಾತ್ರ ಕೊಡುವವನಿಗೆ ಸಾಮಾನ್ಯ ಗ್ನೂ ಪರವಾನಗಿಯ ಋಣ ತಗಲುವುದಿಲ್ಲ. ತಿದ್ದಿದ ತಂತ್ರಾಂಶವನ್ನು ಹಾಗೆ ನಡೆಸುವವನೂ ಬಳಸುವವರಿಗೆ ಮೂಲಬರಹವನ್ನು ಒದಗಿಸಬೇಕೆಂದು ಅಫೆರೊ ವಿಧಿಸುತ್ತದೆ.

ಇವೆರಡು ಮನೆತನಗಳ ಹೊರಗೆ, ಮುಕ್ತದ ವೇಷ ಧರಿಸಿದ ಬೇರೆ ಕೆಲವು ಉಂಟು. ‘ಸ್ವಂತ ಬಳಕೆಗೆ ಮಾತ್ರ ಪುಕ್ಕಟೆ’, ‘ವಾಣಿಜ್ಯೇತರ ಉಪಯೋಗಕ್ಕೆ ಮಾತ್ರ’ ಎಂಬ ಬರಹ ಎಲ್ಲಿ ಕಂಡಿತೋ ಅದು ಮುಕ್ತ ತಂತ್ರಾಂಶವಲ್ಲ. ವಿದ್ಯಾರ್ಥಿಯಾಗಿದ್ದಾಗ ನ್ಯಾಯವಾಗಿ ಬಳಸಿದ ಅದೇ ಉಪಕರಣವನ್ನು ಹಣದ ಕೆಲಸಕ್ಕೆ ಬಳಸಿದ ದಿನ ಅವನು ಪರವಾನಗಿಯ ಗಡಿಯನ್ನು ದಾಟಿರುತ್ತಾನೆ. ಎಚ್ಚರ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಉಪಕರಣವೂ ಅಂಗವೂ

ಇನ್ನೊಂದು ಭೇದವನ್ನು ಮನಸ್ಸಿನಲ್ಲಿಟ್ಟರೆ ಅರ್ಧ ಭಯ ಕಳೆಯುವುದು. ಬಡಗಿಯ ಉಳಿಯೇ ಬೇರೆ, ಅವನು ಕುರ್ಚಿಗೆ ಕೂಡಿಸುವ ಮರವೇ ಬೇರೆ. ಉಳಿಯ ಒಡೆಯನು ಕುರ್ಚಿಯ ಮೇಲೆ ಹಕ್ಕು ಸಾಧಿಸಲಾರನು. ಮರವಾದರೋ ಕುರ್ಚಿಯ ಅಂಗವೇ ಆಗಿಬಿಡುತ್ತದೆ.

ಬ್ಲೆಂಡರ್ ಎಂಬ ಚಿತ್ರನಿರ್ಮಾಣದ ತಂತ್ರಾಂಶವನ್ನು ನೋಡಿ. ಒಂದು ಕಾಲಕ್ಕೆ ಅದು ಖಾಸಗಿ ಸ್ವತ್ತಾಗಿತ್ತು. 2002ರಲ್ಲಿ ಅದರ ಅಭಿಮಾನಿಗಳು ಏಳೇ ವಾರಗಳಲ್ಲಿ 1 ಲಕ್ಷ ಯೂರೋಗಳನ್ನು ಕೂಡಿಸಿ ಅದನ್ನು ಬಿಡಿಸಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಗ್ನೂ ಪರವಾನಗಿಯಡಿ ಪ್ರಕಟವಾಯಿತು. ಅದನ್ನು ಬಳಸಿ ಲಾಟ್ವಿಯಾದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ ‘ಫ್ಲೋ’ ಎಂಬ ಚಿತ್ರವು 2025ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಚಿತ್ರಮಂದಿರಗಳಲ್ಲಿ ಹಣ ಗಳಿಸಿದ ಆ ಚಿತ್ರವು ಅದರ ನಿರ್ಮಾಪಕರ ಸ್ವತ್ತು. ಗ್ನೂ ಪರವಾನಗಿಯು ಬ್ಲೆಂಡರಿಗೆ ಅನ್ವಯಿಸುವುದೇ ಹೊರತು ಅದರಿಂದ ಹುಟ್ಟಿದ ಚಿತ್ರಕ್ಕಲ್ಲ. ಲಿಬ್ರೆ ಆಫೀಸಿನಲ್ಲಿ ಬರೆದ ಪತ್ರಕ್ಕೂ ಗಿಂಪ್‌ನಲ್ಲಿ ತಿದ್ದಿದ ಛಾಯಾಚಿತ್ರಕ್ಕೂ ಇದೇ ನ್ಯಾಯ.

ಗ್ನೂ ಸಂಕಲಕದ ವಿಷಯ ಸ್ವಲ್ಪ ಸೂಕ್ಷ್ಮ. ಅದು ನಮ್ಮ ಮೂಲಬರಹವನ್ನು ಯಂತ್ರರೂಪಕ್ಕೆ ತಿರುಗಿಸುವಾಗ ತನ್ನ ಕೆಲವು ತುಣುಕುಗಳನ್ನೂ ಅದರಲ್ಲಿ ಸೇರಿಸುತ್ತದೆ. ಆದುದರಿಂದ ಉಪಕರಣವು ಅಂಶತಃ ಅಂಗವೂ ಆಗುವುದು. ಈ ತೊಡಕನ್ನು ಕಂಡ ಅದರ ಕರ್ತೃಗಳು ವಿಶೇಷ ವಿನಾಯಿತಿಯೊಂದನ್ನು ಬರೆದು, ಸಾಮಾನ್ಯ ಸಂಕಲನದಿಂದ ಬಳಕೆದಾರನ ಕೃತಿಗೆ ಋಣ ಅಂಟದಂತೆ ಮಾಡಿದ್ದಾರೆ.

ಅಕ್ಷರಗಳ ಅಚ್ಚುಗಳಿಗೂ ಪರವಾನಗಿಯುಂಟು. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಮುಂತಾದ ಕನ್ನಡದ ಅಕ್ಷರವಿನ್ಯಾಸಗಳು ‘ಮುಕ್ತ ಅಕ್ಷರ ಪರವಾನಗಿ’ಯಡಿ ದೊರೆಯುತ್ತವೆ. ಅವುಗಳಿಂದ ಪುಸ್ತಕವನ್ನು ಅಚ್ಚುಹಾಕಿ ಮಾರಬಹುದು. ಪುಸ್ತಕಕ್ಕೆ ಯಾವ ಷರತ್ತೂ ಅಂಟುವುದಿಲ್ಲ. ತಂತ್ರಾಂಶದೊಡನೆ ಕೂಡಿಸಿಯೂ ಮಾರಬಹುದು. ಅಕ್ಷರಗಳನ್ನೇ ಬಿಡಿಯಾಗಿ ಮಾರುವುದನ್ನು ಮಾತ್ರ ಆ ಪರವಾನಗಿ ತಡೆಯುತ್ತದೆ.

ಆಟದ ರೈಲಿನ ಮೊಕದ್ದಮೆ

‘ಹಣವನ್ನೇ ಕೇಳದ ಒಡೆಯನು ಷರತ್ತು ಮುರಿದವನನ್ನು ಏನು ಮಾಡಿಯಾನು? ಅವನಿಗೆ ನಷ್ಟವಾದರೂ ಏನು?’ ಎಂಬ ಸಂಶಯ ಸಹಜ. ಬಹುಕಾಲ ಈ ಪ್ರಶ್ನೆಗೆ ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳಿಂದ ಖಚಿತವಾದ ಉತ್ತರವಿರಲಿಲ್ಲ. ಉತ್ತರವನ್ನು ತಂದುದು ಆಟದ ರೈಲು.

ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸನ್ ಬರ್ಕ್‌ಲಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಬಿಡುವಿನ ವೇಳೆಯಲ್ಲಿ ಮಾದರಿ ರೈಲುಗಳನ್ನು ಓಡಿಸುವುದು ಅವರ ಹವ್ಯಾಸ. ಆ ಪುಟ್ಟ ರೈಲುಗಳ ಒಳಗಿರುವ ವಿದ್ಯುತ್ ಬಿಲ್ಲೆಗಳನ್ನು ಗಣಕಯಂತ್ರದಿಂದ ಹೊಂದಿಸುವ ತಂತ್ರಾಂಶವನ್ನು ಅವರೂ ಅವರಂಥ ಅನೇಕ ಹವ್ಯಾಸಿಗಳೂ ಕೂಡಿ ಬರೆದು, ‘ಕಲಾತ್ಮಕ ಪರವಾನಗಿ’ ಎಂಬುದರಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದರು. ಅದೇ ಬಗೆಯ ತಂತ್ರಾಂಶವನ್ನು ಮ್ಯಾಥ್ಯೂ ಕ್ಯಾಟ್ಜರ್ ಎಂಬವರ ಸಂಸ್ಥೆಯು ಮಾರುತ್ತಿತ್ತು. ಆ ಸಂಸ್ಥೆಯು ತನ್ನ ಪೇಟೆಂಟಿನ ಹಕ್ಕನ್ನು ಮುಂದಿಟ್ಟು ಹವ್ಯಾಸಿಗಳ ತಂತ್ರಾಂಶಕ್ಕಾಗಿ ಜೇಕಬ್‌ಸನ್ನರಿಂದ 2 ಲಕ್ಷ ಡಾಲರುಗಳಿಗೂ ಮಿಕ್ಕಿದ ಹಣವನ್ನು ಕೇಳಿತು. ಅವರು 2006ರಲ್ಲಿ ನ್ಯಾಯಾಲಯಕ್ಕೆ ಹೋದರು. ಆ ವ್ಯಾಜ್ಯದ ನಡುವೆ ಸೋಜಿಗದ ಸಂಗತಿಯೊಂದು ಬಯಲಾಯಿತು. ಕ್ಯಾಟ್ಜರರ ಸಂಸ್ಥೆಯ ತಂತ್ರಾಂಶದಲ್ಲಿಯೇ ಹವ್ಯಾಸಿಗಳು ಬರೆದ ಕಡತಗಳಿದ್ದವು! ಬರೆದವರ ಹೆಸರು, ಕೃತಿಸ್ವಾಮ್ಯದ ಸೂಚನೆ, ಪರವಾನಗಿಯ ಉಲ್ಲೇಖ, ಏನೇನು ಬದಲಾಯಿತೆಂಬ ವಿವರಣೆ ಇವು ಯಾವುವೂ ಅವುಗಳ ಜೊತೆಗಿರಲಿಲ್ಲ.

ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಮೇಲೆ ಒಂದು ಲೋಕವೇ ನಿಂತಿತ್ತು. ಪರವಾನಗಿಯ ಷರತ್ತನ್ನು ಮುರಿದುದು ಬರಿಯ ಕರಾರಿನ ಭಂಗವಾದರೆ, ಆದ ನಷ್ಟವನ್ನು ಹಣದ ಲೆಕ್ಕದಲ್ಲಿ ತೋರಿಸಬೇಕು. ಬಿಟ್ಟಿ ಕೊಟ್ಟವನು ಏನನ್ನು ತೋರಿಸಬಲ್ಲನು? ಅದು ಕೃತಿಸ್ವಾಮ್ಯದ ಉಲ್ಲಂಘನೆಯಾದರೆ, ಮಾರಾಟವನ್ನೇ ತಡೆಯಿರೆಂದು ನ್ಯಾಯಾಲಯವನ್ನು ಬೇಡಬಹುದು. 2007ರಲ್ಲಿ ಕೆಳಗಿನ ನ್ಯಾಯಾಲಯವು ಮೊದಲನೆಯ ದಾರಿ ಹಿಡಿದು, ಅಂಥ ತಡೆಯಾಜ್ಞೆಯನ್ನು ಕೊಡಲು ಒಪ್ಪಲಿಲ್ಲ. ಆ ತೀರ್ಪೇ ನಿಂತಿದ್ದರೆ ಲೋಕದ ಮುಕ್ತ ಪರವಾನಗಿಗಳೆಲ್ಲ ಹಲ್ಲಿಲ್ಲದ ಕಾಗದಗಳಾಗುವ ಸಂಭವವಿತ್ತು.

2008ರ ಆಗಸ್ಟ್ 13ರಂದು ಸಂಯುಕ್ತ ಸಂಸ್ಥಾನಗಳ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಹಣವನ್ನು ಪಡೆಯದೆ ಕೃತಿಯನ್ನು ಹಂಚುವವನಿಗೂ ಅದರಿಂದ ಆರ್ಥಿಕವಾದ ಲಾಭಗಳುಂಟು. ಹೆಸರು ಹರಡುತ್ತದೆ, ಬಳಸುವವರು ತಿದ್ದಿ ಕೃತಿಯನ್ನು ಬೆಳೆಸುತ್ತಾರೆ. ಹೆಸರನ್ನು ಉಳಿಸು, ಬದಲಾವಣೆಯನ್ನು ತಿಳಿಸು ಎಂಬುವು ಬರಿಯ ಒಪ್ಪಂದದ ಮಾತುಗಳಲ್ಲ, ಅನುಮತಿಗೆ ಹಾಕಿದ ಷರತ್ತುಗಳು. ಅವನ್ನು ಮೀರಿದವನು ಅನುಮತಿಯ ಹೊರಗೆ ನಿಲ್ಲುತ್ತಾನೆ ಎಂಬುದು ನ್ಯಾಯಾಲಯದ ನಿರ್ಣಯದ ತಾತ್ಪರ್ಯ. 2010ರಲ್ಲಿ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಜೇಕಬ್‌ಸನ್ನರಿಗೆ 1 ಲಕ್ಷ ಡಾಲರುಗಳನ್ನು ಕೊಡಲು ಎದುರು ಪಕ್ಷ ಒಪ್ಪಿತು.

ಪೆಟ್ಟಿಗೆಯೊಳಗಿನ ಋಣ

ಷರತ್ತನ್ನು ಮೀರುವವರು ಸಣ್ಣ ಸಂಸ್ಥೆಗಳು ಮಾತ್ರವಲ್ಲ. ಲಿಂಕ್‌ಸಿಸ್ ಎಂಬ ಸಂಸ್ಥೆಯು 2002ರ ಕೊನೆಯಲ್ಲಿ ಮನೆಮನೆಗೆ ಅಂತರಜಾಲವನ್ನು ನಿಸ್ತಂತುವಾಗಿ ಹಂಚುವ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ನಡೆಯುತ್ತಿರುವುದು ಲಿನಕ್ಸ್ ಎಂದು 2003ರಲ್ಲಿ ಬಳಕೆದಾರರು ಕಂಡುಹಿಡಿದರು. ಮೂಲಬರಹವೆಲ್ಲಿ ಎಂದು ಕೇಳಿದರು. ಅದೇ ವರ್ಷ ಲಿಂಕ್‌ಸಿಸನ್ನು ಕೊಂಡಿದ್ದ ಸಿಸ್ಕೊ ಸಂಸ್ಥೆಯು ಒತ್ತಾಯದ ಮೇಲೆ ಅದನ್ನು ಪ್ರಕಟಿಸಬೇಕಾಯಿತು. ಆ ಬರಹವನ್ನು ಬುನಾದಿಯಾಗಿಟ್ಟುಕೊಂಡು ಹವ್ಯಾಸಿಗಳು 2004ರಲ್ಲಿ ಓಪನ್ ಡಬ್ಲ್ಯು.ಆರ್.ಟಿ. ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದು ಇಂದು ನಾನಾ ತಯಾರಕರ ಪೆಟ್ಟಿಗೆಗಳಲ್ಲಿ ನಡೆಯುತ್ತದೆ. ಆದರೂ ಋಣವು ಪೂರ್ತಿ ತೀರಲಿಲ್ಲವೆಂದು ಮುಕ್ತ ತಂತ್ರಾಂಶ ಪ್ರತಿಷ್ಠಾನವು 2008ರ ಡಿಸೆಂಬರಿನಲ್ಲಿ ಸಿಸ್ಕೊ ವಿರುದ್ಧ ದಾವೆ ಹೂಡಿತು. 2009ರಲ್ಲಿ ರಾಜಿಯಾಗಿ, ಪರವಾನಗಿಗಳ ಪಾಲನೆಯನ್ನು ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲು ಸಿಸ್ಕೊ ಒಪ್ಪಿತು. ಪ್ರತಿಷ್ಠಾನಕ್ಕೆ ಹಣವನ್ನೂ ಸಲ್ಲಿಸಿತು.

ಯೂರೋಪಿನಲ್ಲಿ ಮ್ಯೂನಿಕ್ ನಗರದ ನ್ಯಾಯಾಲಯವು 2004ರಲ್ಲಿಯೇ ಗ್ನೂ ಪರವಾನಗಿಯನ್ನು ಎತ್ತಿಹಿಡಿದಿತ್ತು. ಫ್ರಾನ್ಸಿನ ಪ್ರಕರಣವಾದರೋ ನಮ್ಮ ಹುಡುಗನ ಕಥೆಗೆ ಬಹಳ ಹತ್ತಿರದ್ದು. ಆರೆಂಜ್ ಎಂಬ ದೊಡ್ಡ ದೂರಸಂಪರ್ಕ ಸಂಸ್ಥೆಯು ಸರಕಾರದ ಕೆಲಸವೊಂದನ್ನು ಗುತ್ತಿಗೆ ಹಿಡಿದು, ಅಂತ್ರುವೇರ್ ಎಂಬ ಸಣ್ಣ ಸಹಕಾರಿ ಸಂಸ್ಥೆಯು ಗ್ನೂ ಪರವಾನಗಿಯಡಿ ಕೊಟ್ಟಿದ್ದ ಭಾಗವನ್ನು ಅದರಲ್ಲಿ ಬಳಸಿತ್ತು. ಷರತ್ತುಗಳನ್ನು ಮಾತ್ರ ಪಾಲಿಸಿರಲಿಲ್ಲ. ಹಲವು ವರ್ಷಗಳ ವ್ಯಾಜ್ಯದ ಬಳಿಕ 2024ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯವು ಆರ್ಥಿಕ ನಷ್ಟಕ್ಕೆಂದೇ 5 ಲಕ್ಷ ಯೂರೋಗಳನ್ನು ವಿಧಿಸಿತು.

ಇಂಥ ದಾವೆಗಳು ಅಪರೂಪವೆಂಬುದನ್ನೂ ಹೇಳಬೇಕು. ಹೆಚ್ಚಿನ ಒಡೆಯರು ಬಯಸುವುದು ದಂಡವನ್ನಲ್ಲ, ಷರತ್ತಿನ ಪಾಲನೆಯನ್ನು. ಗ್ನೂ ಪರವಾನಗಿಯ ಮೂರನೆಯ ಆವೃತ್ತಿಯ ಪ್ರಕಾರ, ಮೊದಲ ಸಲ ತಪ್ಪಿದವನು ಸೂಚನೆ ಬಂದ 30 ದಿನಗಳೊಳಗೆ ಸರಿಪಡಿಸಿಕೊಂಡರೆ ಅವನ ಹಕ್ಕು ಮರಳಿ ಸ್ಥಿರವಾಗುತ್ತದೆ. ಈ ಆವೃತ್ತಿಯ ಕರಡನ್ನು ಜಗತ್ತಿನಾದ್ಯಂತ ಚರ್ಚೆಗೆ ಇಟ್ಟಾಗ ನಡೆದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ನಾಲ್ಕನೆಯದು 2006ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಸೇರಿತ್ತು.

ವರ್ತಕರ ಕಾಗದ

ಈಗ ನಮ್ಮ ಹುಡುಗನ ಬಳಿಗೆ ಮರಳೋಣ. ಅವನು ಪರವಾನಗಿಗಳನ್ನು ತೆರೆದು ಓದಿದನೆನ್ನಿ. ನಕ್ಷೆ ಬಿಡಿಸುವ ಭಾಗ ಎಂ.ಐ.ಟಿ. ಪರವಾನಗಿಯದು, ಅಂಕಿಗಳನ್ನಿಡುವ ಭಾಗ ಲಘು ಪರವಾನಗಿಯದು, ಪಟ್ಟಿ ಮುದ್ರಿಸುವ ಭಾಗ ಗ್ನೂ ಪರವಾನಗಿಯದು.

ಹಣ ಪಡೆದುದು ತಪ್ಪೆ? ಖಂಡಿತ ಅಲ್ಲ. ಮೂರು ಪರವಾನಗಿಗಳೂ ಅದಕ್ಕೆ ಎಡೆಕೊಡುತ್ತವೆ.

ಮೂಲಬರಹವನ್ನು ಜಗತ್ತಿಗೆಲ್ಲ ಸಾರಬೇಕೆ? ಬೇಡ. ತಂತ್ರಾಂಶವನ್ನು ಯಾರಿಗೆ ಕೊಟ್ಟನೋ ಅವರಿಗೆ, ಎಂದರೆ ವರ್ತಕರಿಗೆ, ಕೊಟ್ಟರೆ ಸಾಕು. ವರ್ತಕರು ಅದನ್ನು ತಮ್ಮ ಅಂಗಡಿಯಲ್ಲಿಯೇ ಬಳಸುವವರೆಗೆ ಅವರು ಯಾರಿಗೂ ಏನನ್ನೂ ಕೊಡಬೇಕಾದುದಿಲ್ಲ.

ವರ್ತಕರು ಇತರರಿಗೆ ಮಾರಬಹುದೆ? ಮಾರಬಹುದು. ಆದರೆ ಕೊಂಡವರೆಲ್ಲರಿಗೂ ಮೂಲಬರಹವನ್ನೂ ಅದನ್ನು ಮರಳಿ ಹಂಚುವ ಹಕ್ಕನ್ನೂ ಕೊಡಬೇಕು. ಮೊದಲು ಕೊಂಡವನು ಎರಡನೆಯವನಿಗೆ ಬಿಟ್ಟಿಯಾಗಿಯೇ ಕೊಟ್ಟರೆ ತಡೆಯುವಂತಿಲ್ಲ. ಲಾಭದ ಎಣಿಕೆಯಲ್ಲಿರುವ ವರ್ತಕರಿಗೆ ಇದು ಮೊದಲೇ ತಿಳಿಯಬೇಕಾದ ಸಂಗತಿ.

‘ಎಲ್ಲವೂ ನನ್ನ ಕೃತಿ, ಸರ್ವಹಕ್ಕೂ ನಿಮ್ಮದು’ ಎಂದು ಬರೆದುಕೊಡಬಹುದೆ? ಇದೊಂದೇ ಆಗದ ಮಾತು. ತನ್ನದಲ್ಲದುದನ್ನು ಯಾರೂ ದಾನಮಾಡಲಾರರು. ಹಾಗೆ ಬರೆದರೆ ಅವನು ಅಪರಿಚಿತ ಕರ್ತೃಗಳ ಹಕ್ಕನ್ನು ಮೀರಿದಂತೆಯೂ ಆಗುವುದು, ತನ್ನನ್ನು ನಂಬಿದ ವರ್ತಕರಿಗೆ ಸುಳ್ಳು ಹೇಳಿದಂತೆಯೂ ಆಗುವುದು. ಎರಡನೆಯದು ಇನ್ನೂ ಹೆಚ್ಚಿನ ತಪ್ಪು. ಏಕೆಂದರೆ ಅದರ ಫಲವನ್ನು ಮುಂದೊಂದು ದಿನ ಉಣ್ಣುವವರು ಏನನ್ನೂ ಅರಿಯದ ವರ್ತಕರೇ.

ಹಾಗಾದರೆ ದಾರಿಯೇನು? ದಾರಿ ಮೂರಿವೆ. ಕಾಗದವನ್ನು ತಿದ್ದಿ, ತಾನು ಬರೆದುದು ಯಾವುದು, ಪರರದು ಯಾವುದು, ಅವುಗಳ ಷರತ್ತೇನು ಎಂಬುದನ್ನು ಪಟ್ಟಿಮಾಡಿ ಕೊಡುವುದು ಒಂದು. ವರ್ತಕರಿಗೆ ಗುಟ್ಟಾಗಿಯೇ ಇರಬೇಕೆಂದಿದ್ದರೆ, ಗ್ನೂ ಪರವಾನಗಿಯ ಆ ಒಂದು ಭಾಗವನ್ನು ತೆಗೆದು ಉದಾರ ಪರವಾನಗಿಯ ಬೇರೊಂದನ್ನು ಸೇರಿಸುವುದು, ಇಲ್ಲವೆ ತಾನೇ ಬರೆಯುವುದು ಎರಡನೆಯದು. ಆ ಭಾಗದ ಒಡೆಯನನ್ನೇ ಕೇಳಿ ಹಣ ಕೊಟ್ಟು ಬೇರೆ ಪರವಾನಗಿ ಪಡೆಯುವುದು ಮೂರನೆಯದು. ಕ್ಯೂಟಿ, ಮೈ ಎಸ್.ಕ್ಯು.ಎಲ್. ಮುಂತಾದವುಗಳ ಒಡೆಯರು ಒಂದೇ ಬರಹವನ್ನು ಹೀಗೆ ಎರಡು ಪರವಾನಗಿಗಳಲ್ಲಿ ಕೊಡುತ್ತ ಬಂದಿದ್ದಾರೆ.

ಈ ಮೂರರಲ್ಲಿ ಯಾವುದನ್ನಾದರೂ ಕೆಲಸದ ಮೊದಲ ದಿನ ಆರಿಸಿಕೊಳ್ಳುವುದು ಸುಲಭ. ಕೊನೆಯ ದಿನ ಬಹಳ ದುಬಾರಿ. ಆದುದರಿಂದ ಹೊರಗಿನಿಂದ ಒಂದು ಭಾಗವನ್ನು ತಂದೊಡನೆ ಅದರ ಹೆಸರು, ಆವೃತ್ತಿ, ಕರ್ತೃ, ಪರವಾನಗಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು. ಎರಡು ಪರವಾನಗಿಗಳು ಒಂದೇ ಕೃತಿಯಲ್ಲಿ ಹೊಂದಿ ಬಾಳುತ್ತವೆಯೇ ಎಂಬುದನ್ನೂ ನೋಡಬೇಕು. ಅಪಾಚೆಯ ಎರಡನೆಯ ಆವೃತ್ತಿಯು ಗ್ನೂವಿನ ಮೂರನೆಯದರೊಡನೆ ಕೂಡುತ್ತದೆ, ಎರಡನೆಯದರೊಡನೆ ಕೂಡದೆಂಬುದು ಮುಕ್ತ ತಂತ್ರಾಂಶ ಪ್ರತಿಷ್ಠಾನದ ಅಭಿಪ್ರಾಯ. ಸಂಬಳದ ನೌಕರಿಯಲ್ಲಿರುವವರು ಮತ್ತೊಂದನ್ನು ನೆನಪಿಡಬೇಕು. ಬೇರೆ ಕರಾರಿಲ್ಲದಿದ್ದರೆ ನಮ್ಮ ಶಾಸನದಂತೆ ಕೆಲಸದ ಅಂಗವಾಗಿ ಬರೆದುದರ ಒಡೆತನ ಧಣಿಗೆ ಸೇರುತ್ತದೆ. ಅದನ್ನು ತನ್ನಿಷ್ಟದಂತೆ ಮುಕ್ತಗೊಳಿಸುವ ಅಧಿಕಾರ ನೌಕರನಿಗಿಲ್ಲ. ಇನ್ನು ಹೊಣೆಯ ಮಾತು. ಈ ಪರವಾನಗಿಗಳೆಲ್ಲವೂ ತಾವು ಯಾವ ಖಾತರಿಯನ್ನೂ ಕೊಡುವುದಿಲ್ಲವೆಂದು ಬರೆದೇ ಇರುತ್ತವೆ. ಲೆಕ್ಕ ತಪ್ಪಿದ ದಿನ ವರ್ತಕರು ಹುಡುಕಿಕೊಂಡು ಬರುವುದು ಹಣ ಪಡೆದ ಹುಡುಗನ ಮನೆಗೇ.

ಹುಡುಗನು ಕಾಗದವನ್ನು ಹರಿದು ಹೊಸದೊಂದನ್ನು ಬರೆಯುತ್ತಾನೆ. ವರ್ತಕರು ಕನ್ನಡಕವನ್ನು ಮೂಗಿಗೇರಿಸಿ ಪಟ್ಟಿಯನ್ನು ಓದುತ್ತಾರೆ. ಇಷ್ಟೊಂದು ಜನ, ಮುಖ ಕಾಣದವರು, ಇದಕ್ಕೆ ಕೈಹಾಕಿದ್ದಾರೆಯೇ ಎಂದು ಅವರಿಗೆ ಅಚ್ಚರಿ. ಅವರ ಅಂಗಡಿಯ ಲೆಕ್ಕದ ಪುಸ್ತಕದಲ್ಲಿಯೂ ಪ್ರತಿಯೊಂದು ಸಾಲಕ್ಕೆ ಎದುರು ಒಂದು ಹೆಸರಿದೆ. ಕೊಟ್ಟವರ ಹೆಸರನ್ನು ಅಳಿಸಿದ ಲೆಕ್ಕವನ್ನು ಯಾವ ವರ್ತಕನೂ ನಂಬುವುದಿಲ್ಲ. ಇದೂ ಅಂಥದೇ ಲೆಕ್ಕವೆಂದು ಹುಡುಗನು ಹೇಳಿದರೆ ಅವರಿಗೆ ಅರ್ಥವಾಗದೆ ಇರದು.